ಬುಟ್ಟಿ ಇಳಿಸಬಾರದ ಆಟ

ಕೋಡಿ ಕನ್ಯಾಣದ ಹರಿಣಾಕ್ಷಿಗೆ ಹಟ ಹುಟ್ಟಿನಿಂದಲೇ ಬಂದದ್ದು. ಕಾಲು ಮುರಿದರೂ ಏಡಿ ಹಿಡಿತ ಬಿಡುವುದಿಲ್ಲವಲ್ಲ, ಆ ಬಗೆಯ ಹಟ. 1997ರಲ್ಲಿ ಮುಂಬಯಿಯಿಂದ ಬಂದ ಸೋದರಮಾವ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮೊಂದನ್ನು ತಂದುಕೊಟ್ಟಾಗ ಕೇರಿಯ ಮಕ್ಕಳೆಲ್ಲ ಅದರಲ್ಲಿ ಇಟ್ಟಿಗೆ ಜೋಡಿಸಿ ಕುಣಿದರು. ಇವಳು ಮಾತ್ರ ಗಾಜಿಗೆ ಮೂಗು ತಾಗಿಸಿ, ಚೌಕ ಚುಕ್ಕಿಗಳು ಒಂದಕ್ಕೊಂದು ಅಂಟಿ ಚಿತ್ರವಾಗುವ ಮಾಯೆಯನ್ನೇ ನೋಡುತ್ತ ಕುಳಿತಳು.

ಓದು ಪಿಯುಸಿಗೆ ನಿಂತಿತು. ಸಾಲಿಗ್ರಾಮದ ಪೇಟೆಯಲ್ಲಿ ಮದುವೆ ಕಾಗದ, ಕ್ರಿಕೆಟ್ ಪಂದ್ಯದ ಬ್ಯಾನರ್ ಮಾಡಿಕೊಡುವ ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕೆ ಕುಳಿತವಳು ಕೆಲವು ವರ್ಷಗಳಲ್ಲಿ ಆ ಅಂಗಡಿಯನ್ನೇ ವಹಿಸಿಕೊಂಡಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಆಟ ಕಟ್ಟುವ ವಿದ್ಯೆ ಕಲಿತಳು. ಮೀನಿನ ಮರಿಗೆ ಈಜು ಕಲಿಸಬೇಡ ಎನ್ನುವ ಮಾತು ಇವಳಿಗೆ ಸಲ್ಲದು. ಇವಳು ಮುಳುಗಿ ಮುಳುಗಿ ಉಪ್ಪುನೀರು ಕುಡಿದೇ ಕಲಿತವಳು.

2013ರಲ್ಲಿ ಅವಳು ಕೈಹಾಕಿದ್ದು ಹೆದರಿಸುವ ಆಟಕ್ಕೆ. ಕೊಂದು ಗೆಲ್ಲುವುದಲ್ಲ, ಬದುಕಿ ಮನೆ ಸೇರುವುದೇ ಅದರ ಗುರಿ. ಚಿತ್ರವೆಲ್ಲ ಚುಕ್ಕಿ ಚುಕ್ಕಿಯಾಗಿ ಪೇರಿಸಿದ್ದು. ಬೆಳಕು ಹರಿಯುವ ಮೊದಲು ಒಬ್ಬ ಹೆಂಗಸು ತಲೆಯ ಮೇಲೆ ಮೀನುಬುಟ್ಟಿ ಹೊತ್ತು ತೆಂಗಿನ ತೋಪು ದಾಟಿ, ಗದ್ದೆಯಂಚಿನಲ್ಲಿ ನಡೆದು, ಹೊಳೆಯ ಕಾಲುಸಂಕದಾಚೆಗಿನ ಮನೆಗಳಿಗೆ ಹೋಗಬೇಕು. ಮೀನಿನ ವಾಸನೆಗೆ ಏನೋ ಒಂದು ಬೆನ್ನು ಹತ್ತುತ್ತದೆ. ಮೀನು ಒಯ್ಯುವಾಗ ದೆವ್ವ ಹತ್ತಿರ ಸುಳಿಯದಿರಲಿ ಎಂದು ನಮ್ಮವರು ಜೊತೆಗೆ ಇದ್ದಿಲಿನ ತುಂಡು ಇಡುತ್ತಾರಲ್ಲ, ಆ ಇದ್ದಿಲೊಂದೇ ಅವಳ ರಕ್ಷೆ. ಒಂದು ತುಂಡು ಎಸೆದರೆ ಬೆನ್ನು ಹತ್ತಿದ್ದು ತುಸು ಹಿಂದೆ ಸರಿಯುತ್ತದೆ. ಬುಟ್ಟಿಯ ಇದ್ದಿಲು ತೀರಿದರೆ ಕಥೆಯೂ ತೀರಿದಂತೆ.

ಆ ಹೆಂಗಸು ಬೇರೆ ಯಾರೂ ಅಲ್ಲ, ಅವಳ ಅಬ್ಬಿ ವನಜ. ಹೆತ್ತವಳು ಮೂವತ್ತು ವರ್ಷ ಸವೆಸಿದ ದಾರಿಯದು. ಹಾಗಾಗಿ ಹರಿಣಾಕ್ಷಿ ತನಗೆ ತಾನೇ ಒಂದು ಕಟ್ಟು ಹಾಕಿಕೊಂಡಳು: ಆ ದಾರಿಯಲ್ಲಿ ನಿಜವಾಗಿ ನಡೆದವಳು ಹೆದರಬೇಕು. ಅಬ್ಬಿ ಹೆದರದಿದ್ದರೆ ಆಟ ಸುಳ್ಳು. ಸುಳ್ಳು ಆಟವನ್ನು ಇಂಟರ್‌ನೆಟ್ಟಿಗೆ ಹಾಕುವವಳು ಅವಳಲ್ಲ.

ಮೀನು ಮಾರಿ ಬಂದ ವನಜಳನ್ನು ಒಂದು ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂರಿಸಿದಳು. ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ರತನ್ ತಮಾಷೆ ನೋಡಲು ಬಂದು ನಿಂತ. ಪರದೆಯ ಮೇಲೆ ಕೋರೆಹಲ್ಲಿನ ದೆವ್ವ ಹಾರಿ ಬಂದದ್ದೇ ತಡ, ವನಜ ಬಿದ್ದು ಬಿದ್ದು ನಕ್ಕಳು.

"ಇದ್ ಎಂತದೇ ಹೆಣೆ? ಇದ್ರ್ ಹಲ್ಲ್ ಕಂಡ್ರೆ ನಂಗ್ ನೆಗಿ ಬತ್ತ್. ಈ ಹಲ್ಲಂಗೆ ಬಂಗ್ಡಿ ತಿಂಬುಕೂ ಆತಿಲ್ಲೆ."

"ಹರಿಣಕ್ಕ, ಅವ್ಳ್ ಕೈಯಂಗೆ ಒಂದ್ ಕತ್ತಿಯಾರೂ ಕೊಡಿ ಮಾರಾಯ್ರೆ," ಎಂದ ರತನ್. "ನಾಲ್ಕ್ ಪೆಟ್ಟ್ ಹೊಡುಕಿದ್ರೆ ಜನ ಆಡ್ತ್ರ್."

"ಹ್ವಾಯ್, ದಾರಿ ಮೇಲೆ ಕಡೂಕ್ ಹೊರ್ಟ್ರೆ ಮೀನ್ ಮಾರುದ್ ಯಾವಾಗ?" ಎಂದು ವನಜ ಅವನ ಬಾಯಿ ಮುಚ್ಚಿಸಿದಳು.

ಹರಿಣಾಕ್ಷಿ ಹಲ್ಲು ಕಿತ್ತಳು, ದೆವ್ವವನ್ನು ಕಪ್ಪಾಗಿಸಿದಳು, ಉದ್ದ ಮಾಡಿದಳು. ಅಬ್ಬಿ ಎಲೆಯಡಿಕೆ ಜಗಿಯುತ್ತಲೇ ಆಡಿ ಎದ್ದುಹೋದಳು. ಆ ಮಳೆಗಾಲದಲ್ಲಿ ಸಿಡಿಲು ಬಡಿದು ಕಂಪ್ಯೂಟರ್ ಸುಟ್ಟಿತು. ಬರೆದ ಚಿತ್ರವೆಲ್ಲ ಬೂದಿ. ಬಲೆ ಹರಿಯಿತೆಂದು ಕಡಲಿಗೆ ಬೈದು ಕುಳಿತವರುಂಟೇ? ಹಳೆಯದೊಂದು ಯಂತ್ರ ತಂದು ಮೊದಲ ಚುಕ್ಕಿಯಿಂದ ಶುರು ಮಾಡಿದಳು.

ಮತ್ತೆ ಅಬ್ಬಿಯನ್ನು ಕರೆದಳು. ಆಟದ ಹೆಂಗಸು ದೆವ್ವ ಕಂಡು ಬುಟ್ಟಿ ಇಳಿಸಿ, ತೆಂಗಿನ ಮರದ ಹಿಂದೆ ಅಡಗಿ, ಅದು ಹೋದ ಮೇಲೆ ಬುಟ್ಟಿ ಹೊತ್ತು ಮುಂದೆ ನಡೆದಳು. ವನಜ ಕೈ ನಿಲ್ಲಿಸಿದಳು.

"ಅಲ್ದಾ ಹೆಣೆ, ಈಗ ಅವ್ಳಿಗೆ ಬುಟ್ಟಿ ಹೊರ್ಸದ್ದ್ ಯಾರ್?"

"ಯಾರೂ ಅಲ್ಲ ಅಬ್ಬಿ, ಅವ್ಳೇ ಎತ್ಕಂಡ್ಳ್."

"ತುಂಬಿದ್ ಬುಟ್ಟಿ, ಒಬ್ಳೇಯಾ? ನಾ ಒಂದ್ ದಿನ ಎತ್ಕಂಡದ್ದಿಲ್ಲೆ. ದಾರಿಯಂಗೆ ಇಳ್ಸ್ರೆ ಮತ್ತೊಂದ್ ಜನ ಬಪ್ಪತನ್ಕ ಅಲ್ಲೇ ಕಾಯ್ಕ್."

"ಕಾಯುವತಿಗೆ ಹೆದ್ರಿಕಿ ಆತಿತ್ತಾ?"

"ಕಾಯುದ್ ಎಂತ ಹೆದ್ರಿಕಿ? ಕತ್ಲಿಯಂಗೆ ಯಾರೋ ಬತ್ರ್. ಮಾತಾಡುದಿಲ್ಲೆ. ಹೊರ್ಸ್ತ್ರ್." ವನಜಳ ದನಿ ಇಳಿಯಿತು. "ತಲಿ ಮೇಲ್ ಬುಟ್ಟಿ ಕೂತ್ ಮೇಲ್ ತಿರ್ಗ್ ಕಾಂಬುಕ್ ಆತ್ತಾ? ಹೊರ್ಸದ್ದ್ ಯಾರ್ ಅಂದೇಳಿ ಗೊತ್ತಾತಿಲ್ಲೆ."

ಹೆದರಿಕೆಗೆ ಹಲ್ಲಿದೆ, ಉಗುರಿದೆ ಎಂದು ತಿಳಿದದ್ದೇ ತಪ್ಪಾಗಿತ್ತು. ಮರುದಿನ ಹರಿಣಾಕ್ಷಿ ದೆವ್ವದ ರೂಪವನ್ನೇ ಅಳಿಸಿ ಹಾಕಿದಳು. ಬೆನ್ನ ಹಿಂದೆ ಇನ್ನು ಹೆಜ್ಜೆಯ ಸಪ್ಪಳ ಮಾತ್ರ. ಆಟದ ಕಟ್ಟಳೆಯೂ ಬದಲಾಯಿತು. ಹೆಂಗಸು ತಿರುಗಿ ನೋಡುವಂತಿಲ್ಲ, ಬುಟ್ಟಿ ಇಳಿಸುವಂತಿಲ್ಲ. ಆದರೆ ಕಾಲುಸಂಕದ ಹಲಗೆಯೊಂದು ಜಾರಿಬಿದ್ದಿದೆ, ಅದನ್ನು ಎತ್ತಿ ಕೂರಿಸಲು ಅಲ್ಲೊಮ್ಮೆ ಬುಟ್ಟಿ ಇಳಿಸಲೇಬೇಕು. ಆಮೇಲೆ ಹೊರಿಸುವವರಿಗಾಗಿ ಕಾಯಬೇಕು.

"ಹೊಡೆಯುದೇ ಇಲ್ಯಾ? ಇದನ್ ಯಾರ್ ಆಡ್ತ್ರ್ ಹರಿಣಕ್ಕ?" ರತನ್ ಕೈಚೆಲ್ಲಿದ.

"ಅಬ್ಬಿ ಆಡ್ಲಿ. ಉಳ್ದವ್ರ್ ಮತ್ತೆ."

ಮತ್ತೊಂದು ಮಧ್ಯಾಹ್ನ. ಹೊರಗೆ ಬಸ್ಸುಗಳ ಹಾರ್ನ್, ಒಳಗೆ ವನಜ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಕುರ್ಚಿಯಲ್ಲಿದ್ದವಳ ಕುತ್ತಿಗೆ ನೆಟ್ಟಗಾಯಿತು, ತಲೆಯ ಮೇಲೆ ಭಾರ ಕೂತಂತೆ. ಗದ್ದೆಯಂಚಿನಲ್ಲಿ ಇದ್ದಿಲು ಎಸೆದಳು. ಸಂಕದ ಬುಡದಲ್ಲಿ ಬುಟ್ಟಿ ಇಳಿಸಿದಳು, ಹಲಗೆ ಕೂರಿಸಿದಳು, ಕಾದಳು. ಪರದೆಯಲ್ಲಿ ಏನೂ ಮಿಸುಕಲಿಲ್ಲ. ಆಮೇಲೆ ಅಂಚಿನಿಂದ ಕಪ್ಪು ಚುಕ್ಕಿಗಳ ಒಂದು ಆಕಾರ ಬಂದು ನಿಂತಿತು. ಮುಖವಿಲ್ಲ. ಅದು ಬುಟ್ಟಿಯತ್ತ ಎರಡೂ ಕೈ ಚಾಚಿತು.

"ಆ ಬಟನ್ ಒತ್ತ್ ಅಬ್ಬಿ. ಅದ್ ಹೊರ್ಸತ್ತ್."

ವನಜ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನಾ ಒತ್ತುದಿಲ್ಲೆ."

"ಒತ್ತದಿದ್ರೆ ಮುಂದ್ ಹೋಪುಕ್ ಆತಿಲ್ಲೆ."

"ಹೋಪುದ್ ಬ್ಯಾಡ! ಬುಟ್ಟಿ ಅಲ್ಲೇ ಬಿಟ್ ಮನಿಗ್ ಹೋಯ್ಲಿ ಆ ಹೆಂಗ್ಸ್."

"ಮೀನ್?"

"ಮೀನ್ ಹಾಳಾಯ್ ಹೋಯ್ಲಿ!"

ನಗಲು ಬಾಯಿ ತೆರೆದ ರತನ್ ಅವಳ ಮುಖ ನೋಡಿ ನಗುವನ್ನು ನುಂಗಿಕೊಂಡ. ಗಾಳಿಮಳೆಗೆ ಕೊಡೆ ಹಾರಿಹೋದಾಗಲೂ ಮೀನು ಬಿಟ್ಟು ಬಂದವಳಲ್ಲ ವನಜ.

"ಮೊದ್ಲ್ ಅದನ್ ಬಂದ್ ಮಾಡ್ ಹೆಣೆ," ಎಂದಳು.

ಹರಿಣಾಕ್ಷಿ ಅಬ್ಬಿಗೆ ಕುಡಿಯಲು ನೀರು ಕೊಟ್ಟು, ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಮದುವೆ ಕಾಗದಕ್ಕೆ ಬಂದ ಗಿರಾಕಿ ಬಾಗಿಲಲ್ಲಿ ಗೊಣಗುತ್ತ ನಿಂತಿದ್ದ. ಅವನನ್ನು ಅಲ್ಲೇ ನಿಲ್ಲಿಸಿ, ಒಂದು ಚುಕ್ಕಿಯನ್ನೂ ಬದಲಿಸದೆ ಆಟವನ್ನು ಇಂಟರ್‌ನೆಟ್ಟಿಗೆ ಏರಿಸಿದಳು.