ಕುರಿ ನೆಕ್ಕಿದ ಜಿಂಕೆಮರಿ

ನನಗೂ ಜಿಂಕೆಗೂ ಈಗ ನಂಟಸ್ತನ. ಹೋದ ವರ್ಷ ಡಾಕ್ಟರು ಕಲ್ಲುಗಳ ಸಮೇತ ನನ್ನ ಪಿತ್ತಕೋಶವನ್ನು ತೆಗೆದುಹಾಕಿದರು. ಜಿಂಕೆಗೆ ಹುಟ್ಟಿನಿಂದಲೇ ಪಿತ್ತಕೋಶವಿಲ್ಲವಂತೆ. ಇದನ್ನು ಓದಿದಂದಿನಿಂದ ಊಟವಾದ ಮೇಲೆ ಅರೆಗಣ್ಣು ಮುಚ್ಚಿ ಕೂತು ಹುಲ್ಲುಗಾವಲಿನ ಕನಸು ಕಾಣುತ್ತೇನೆ. ಜಿಂಕೆಯ ಸಾಧು ಸ್ವಭಾವಕ್ಕೆ ಇದೇ ಕಾರಣವಿರಬೇಕೆಂದು ಒಮ್ಮೆ ಹೆಂಡತಿಯ ಮುಂದೆ ಹೇಳಿದೆ. "ಹಂಗಾದ್ರೆ ನಿಮ್ ಸಿಟ್ಟು ಯಾಕೆ ಹೋಗಿಲ್ರೀ?" ಎಂದಳು. ನನ್ನ ಸಂಶೋಧನೆ ಅಲ್ಲಿಗೇ ನಿಂತಿತು.

ಈ ಮಳೆಗಾಲದ ಒಂದು ಬೆಳಿಗ್ಗೆ, ಅಂಜನಾಪುರದ ಹತ್ತಿರ ಕುರಿ ಸಾಕಿಕೊಂಡಿರುವ ಅತ್ತಿಗೆ ರೇಣುಕಮ್ಮ ಫೋನು ಮಾಡಿದರು. ಮೆಕ್ಕೆಜೋಳದ ಹೊಲದ ಬದುವಿನಲ್ಲಿ, ಹುಲ್ಲಿನ ನಡುವೆ ಚುಕ್ಕೆ ಜಿಂಕೆಯ ಮರಿಯೊಂದು ಒಂಟಿಯಾಗಿ ಮಲಗಿತ್ತಂತೆ. ತಬ್ಬಲಿಯೆಂದು ಎತ್ತಿಕೊಂಡು ಬಂದುಬಿಟ್ಟಿದ್ದರು. ಜಿಂಕೆಯ ವಿಷಯ ಓದಿಕೊಂಡವನೆಂದು, ಬಂದು ನೋಡಲು ನನ್ನನ್ನು ಕರೆದರು.

ನಾನು ಹೋಗುವಷ್ಟರಲ್ಲಿ ತಬ್ಬಲಿ ಮರಿಗೆ ಮಾಡುವ ಉಪಚಾರವೆಲ್ಲ ಮುಗಿದಿತ್ತು. ಕುರಿ ಬೇರೆಯದರ ಮರಿಯನ್ನು ಸುಲಭಕ್ಕೆ ಹತ್ತಿರ ಸೇರಿಸುವುದಿಲ್ಲ. ಆ ಕುರಿಯ ಹಾಲನ್ನೇ ಹಿಂಡಿ ಮರಿಯ ಬೆನ್ನಿಗೂ ಬಾಲಕ್ಕೂ ಸವರಿದರೆ, ಮೂಸಿ ತನ್ನದೇ ಎಂದು ನಂಬುತ್ತದೆ. ಈಚೆಗೆ ಮರಿ ಕಳೆದುಕೊಂಡಿದ್ದ ಕರಿ ಕುರಿಯೊಂದು ಆ ಚುಕ್ಕೆಗಳನ್ನು ಒಂದೊಂದಾಗಿ ನೆಕ್ಕುತ್ತಿತ್ತು. ನೋಡುತ್ತ ನಾನು ಬಂದ ಕೆಲಸವನ್ನೇ ಮರೆತೆ.

ಆದರೆ ಅದು ತಬ್ಬಲಿಯಲ್ಲ. ಜಿಂಕೆ ತನ್ನ ಎಳೆಮರಿಯನ್ನು ಹುಲ್ಲಲ್ಲಿ ಅಡಗಿಸಿಟ್ಟು ದೂರ ಮೇಯಲು ಹೋಗುತ್ತದೆ. ಮರಿಗೆ ಮೈವಾಸನೆ ಬಲು ಕಡಿಮೆ. ಅಲುಗಾಡದೆ ಮಲಗಿದ್ದರೆ ನಾಯಿಗೂ ಪತ್ತೆಯಾಗುವುದು ಕಷ್ಟ. ಬಿಟ್ಟುಹೋಗುವುದೇ ಆ ತಾಯಿಯ ಅಕ್ಕರೆ. ಇದನ್ನು ಹೇಳಿದಾಗ ಅತ್ತಿಗೆಯ ಮುಖ ಸಣ್ಣಗಾಯಿತು.

"ಅಯ್ಯೋ, ಕುರಿ ವಾಸ್ನೆ ಹಚ್ಚಿಬಿಟ್ನಲ್ಲೋ! ಇನ್ನು ತಾಯಿ ಸೇರಿಸ್ಕಂತೈತಾ?"

ಗೊತ್ತಿಲ್ಲವೆಂದೆ.

ಮರಿಯನ್ನು ನಾನೇ ಎದೆಗವಚಿಕೊಂಡು ಹೋಗಿ ಅದೇ ಹುಲ್ಲಿನಲ್ಲಿ ಮಲಗಿಸಿದೆ. ಇಬ್ಬರೂ ದೂರದ ಬೇಲಿಯ ಹಿಂದೆ ಕೂತೆವು. ಬಿಸಿಲು ಹಳದಿಯಾಗಿ ತೆನೆಗಳ ಮೇಲೆ ಇಳಿಯುವ ಹೊತ್ತಿಗೆ ತಾಯಿ ಬಂತು. ಮೂಸಿತು. ಹಿಂದೆ ಸರಿಯಿತು. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮರಿ ಸಣ್ಣಗೆ ಕೂಗಿತು. ತಾಯಿ ಮತ್ತೆ ಹತ್ತಿರ ಬಂದು, ಕುರಿಹಾಲು ಸವರಿದ್ದ ಬೆನ್ನನ್ನು ನಿಧಾನವಾಗಿ ನೆಕ್ಕತೊಡಗಿತು. ಅವೆರಡೂ ಹಸಿರಿನೊಳಗೆ ಮರೆಯಾದ ಮೇಲೂ ನಾವು ಏಳಲಿಲ್ಲ, ಅಷ್ಟು ಖುಷಿಯಾಗಿತ್ತು.

ಹಟ್ಟಿಗೆ ಮರಳಿದರೆ ಕರಿ ಕುರಿ ಬಾಗಿಲಲ್ಲೇ ನಿಂತು ಅರಚುತ್ತಿತ್ತು.

"ನೀನು ಓದ್ದೋನು, ಇದಕ್ಕೂ ಏನಾರ ಹೇಳಪ್ಪ" ಎಂದರು ಅತ್ತಿಗೆ.

ಅದರ ಪಕ್ಕದಲ್ಲಿ ಕೂತೆ. ಕುರಿ, ಮರಿಯನ್ನು ಎತ್ತಿಕೊಂಡಿದ್ದ ನನ್ನ ಅಂಗೈ ಮೂಸಿತು, ಸುಮ್ಮನಾಯಿತು, ನೆಕ್ಕತೊಡಗಿತು. ಕೈ ಹಿಂದಕ್ಕೆಳೆದುಕೊಳ್ಳಲು ಮನಸ್ಸಾಗಲಿಲ್ಲ.