ಬಡಿಸುವವರ ಕಣ್ಣು

ಓಡೀಲ್ ಲಾಂಬ್ರೆಕ್ಟ್ ಕಳೆದ ಗುರುವಾರ ಬೆಳಿಗ್ಗೆ ತೀರಿಕೊಂಡ. ಅವನಿಗೆ ಎಪ್ಪತ್ತಮೂರು. ಹೃದಯ ಬಹಳ ದಿನಗಳಿಂದ ಸೋತಿತ್ತು, ನಿದ್ದೆಯಲ್ಲೇ ನಿಂತಿತು.

ಮಂಗಳವಾರ ಮಣ್ಣು ಮಾಡಿದೆವು. ಆಮೇಲಿನ ಕಾಫಿ ಗೆಂಟ್‌ನ ಬಂದರು ಕಟ್ಟೆಯ ಕಡೆ ಇರುವ ನಮ್ಮ ಕೇರಿಯ ಸಭಾಮನೆಯಲ್ಲೇ ನಡೆಯಿತು. ಅವನು ಬರೆದ ದೊಡ್ಡ ಚಿತ್ರವನ್ನು ಹಿಂದಿನ ದಿನವಷ್ಟೇ ಅಲ್ಲಿನ ಗೋಡೆಗೆ ಏರಿಸಿದ್ದೆವು. ಅವನ ಅಕ್ಕ ಸಿಡೋನಿ ಕಪ್ಪು ಉಡುಪಿನ ಮೇಲೆ ಏಪ್ರನ್ ಕಟ್ಟಿಕೊಂಡು, ಕಾಫಿಯ ಜಗ್ಗು ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತಿದ್ದಳು. ಇವತ್ತಾದರೂ ಕೂತುಕೋ ಎಂದು ಯಾರು ಹೇಳಿದರೂ ಕೇಳಲಿಲ್ಲ. ಯಾರಾದರೂ ಚಿತ್ರದ ಹತ್ತಿರ ಹೋದರೆ ಮಾತ್ರ ತಿರುಗಿ ಕೂಗುತ್ತಿದ್ದಳು.

"ಮೊಟ್ಟೆ ಮುಟ್ಬೇಡಿ! ಬಣ್ಣ ಇನ್ನೂ ಹಸಿ ಇದೆ."

ಆ ಮೊಟ್ಟೆಯ ಕತೆ ಗೊತ್ತಿರುವವರು ಈಗ ಮೂವರೇ. ಸಿಡೋನಿ, ಹೆರ್ಲಿಂಡ, ನಾನು.

ಓಡೀಲ್ ದುಡಿಮೆಯ ಕಾಲವನ್ನೆಲ್ಲ ಅಡುಗೆಮನೆಗಳ ಚಿತ್ರ ಬರೆಯುವುದರಲ್ಲಿ ಕಳೆದ. ಹೊಸ ಅಡುಗೆಮನೆ ಮಾಡಿಸಿಕೊಳ್ಳುವವರಿಗೆ ಅದು ಮುಂದೆ ಹೇಗೆ ಕಾಣುತ್ತದೆಂದು ಬರೆದು ತೋರಿಸುವ ಕೆಲಸ. ಕಂಪ್ಯೂಟರ್ ಬಂದ ಮೇಲೂ ಅಂಗಡಿಯವರು ಅವನನ್ನು ಬಿಟ್ಟುಕೊಡಲಿಲ್ಲ. ಓಡೀಲ್ ಬರೆದರೆ ಕಾಗದದಿಂದಲೇ ಸೂಪಿನ ವಾಸನೆ ಬರುತ್ತದೆ ಎನ್ನುತ್ತಿದ್ದರು. ಅವನ ಸಲಕರಣೆ ಒಂದು ಸಣ್ಣ ಮೊಳೆ, ಒಂದಿಷ್ಟು ದಾರ. ಮೊಳೆಯನ್ನು ಹಲಗೆಗೆ ಹೊಡೆದು ಅದಕ್ಕೆ ದಾರ ಕಟ್ಟುವುದು. ನೆಲದ ಚೌಕಗಳು, ಕಪಾಟಿನ ಅಂಚು, ಮಾಡಿನ ತೊಲೆ, ಹೀಗೆ ದೂರಕ್ಕೆ ಹೋಗುವ ಗೆರೆಗಳೆಲ್ಲ ಆ ದಾರದ ಗುಂಟ ಬಂದು ಮೊಳೆಯಲ್ಲೇ ಕೂಡುವಂತೆ ಎಳೆಯುವುದು. ಮೊಳೆ ಎಲ್ಲಿ ಹೊಡೆಯಬೇಕೆಂಬುದಕ್ಕೂ ಅವನ ಕಸುಬಿನಲ್ಲಿ ಒಂದು ನಿಯಮವಿತ್ತು. ಬಂದವರ ಕಣ್ಣು ಯಾವುದರ ಮೇಲೆ ನಿಲ್ಲಬೇಕೋ ಅದರ ಮೇಲೆ. ಹೆಚ್ಚಾಗಿ ಹೊಸ ಒಲೆಯ ಮೇಲೆ.

ಓಡೀಲ್, ಹೆರ್ಲಿಂಡ, ನಾನು, ಮೂವರೂ ಸಂಜೆಯ ಚಿತ್ರಶಾಲೆಯಲ್ಲಿ ಪರಿಚಯವಾದವರು. ಹೆರ್ಲಿಂಡ ಈಗ ಅಲ್ಲೇ ಕಲಿಸುತ್ತಾಳೆ. ಅವಳ ಚಿತ್ರಗಳಲ್ಲಿ ಬಣ್ಣ ಬಿಟ್ಟರೆ ಏನೂ ಇರುವುದಿಲ್ಲ. ನಾನು ದೋಣಿಗಳನ್ನು ಬರೆಯುತ್ತೇನೆ. ಶನಿವಾರ ಬೆಳಿಗ್ಗೆ ಮೂವರೂ ಕೂಡಿ ಹಳೆಯ ಹಲಗೆಚಿತ್ರ ನೋಡಲು ಹೋಗುವುದು ನಮ್ಮ ರೂಢಿ. ಅದಿರುವುದು ನಮ್ಮ ಚರ್ಚಿನ ಪಕ್ಕದ ಮಂಟಪದಲ್ಲಿ. ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ. ಒಂದು ಕೋಣೆ, ಉದ್ದನೆಯ ಮೇಜು, ಊಟಕ್ಕೆ ಕೂತ ಸಂತರು, ಎಡಗಡೆ ಕಿಟಕಿ. ಮೇಜು ಮಾತ್ರ ನಮ್ಮ ಕಡೆಗೆ ವಾಲಿಕೊಂಡಿದೆ, ಯಾರೋ ಹಿಂದಿನ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟ ಹಾಗೆ.

ಓಡೀಲ್ ಪ್ರತಿ ಸಲವೂ ಟೋಪಿ ತೆಗೆದು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಬೈಯಲು ಶುರು ಮಾಡುತ್ತಿದ್ದ.

"ಎಂಥಾ ಕೈ ಮಾರಾಯ ಇವನದ್ದು! ಆ ಬ್ರೆಡ್ ನೋಡು, ಮುರಿದ್ರೆ ಪುಡಿ ಉದುರತ್ತೆ. ಆದ್ರೆ ಮೇಜು? ಅದರ ಮೇಲೊಂದು ಮೊಟ್ಟೆ ಇಟ್ರೆ ಉರುಳಿ ನನ್ನ ಬೂಟಿನ ಮೇಲೆ ಬೀಳತ್ತೆ."

"ಆರುನೂರು ವರ್ಷದಿಂದ ಒಂದು ಚಮಚಾನೂ ಬಿದ್ದಿಲ್ಲ," ಎನ್ನುತ್ತಿದ್ದಳು ಹೆರ್ಲಿಂಡ.

"ಮೊಟ್ಟೆ ಇಟ್ಟಿಲ್ಲ, ಅದಕ್ಕೆ. ಅವನಿಗೂ ಭಯ ಇತ್ತು."

ಈ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೋ. ಮುಗಿದ ಮೇಲೆ ಎದುರಿನ ಅಂಗಡಿಯಲ್ಲಿ ಕಾಫಿ, ಕಾಫಿಯಲ್ಲಿ ಅದ್ದಿಕೊಳ್ಳಲು ದಾಲ್ಚಿನ್ನಿ ಬಿಸ್ಕತ್ತು.

ಎರಡು ವರ್ಷದ ಹಿಂದೆ ಸಭಾಮನೆಯ ಹಳೆಯ ಇದ್ದಿಲ ಒಲೆಯನ್ನು ಕಿತ್ತು ಹಾಕಿದರು. ಗೋಡೆಯ ಮೇಲೆ ಆಳೆತ್ತರದ ಮಸಿ ಉಳಿಯಿತು. ಎಷ್ಟು ಸುಣ್ಣ ಬಳಿದರೂ ಅದು ಮತ್ತೆ ಮೂಡುತ್ತಿತ್ತು. ಕಮಿಟಿಯ ಮುಖ್ಯಸ್ಥ ಉರ್ಬೇನ್ ಓಡೀಲನ ಹತ್ತಿರ ಬಂದು, ಅದನ್ನು ಮುಚ್ಚುವಂಥ ಒಂದು ಚಿತ್ರ ಬರೆದುಕೊಡು ಎಂದ. ವರ್ಷಕ್ಕೊಮ್ಮೆ ಕೇರಿಯವರೆಲ್ಲ ಸೇರಿ ಅಲ್ಲಿ ಕಪ್ಪು ಚಿಪ್ಪುಮೀನಿನ ಊಟ ಮಾಡುತ್ತೇವೆ. ಅದನ್ನೇ ಬರೆಯುವುದೆಂದು ಆಯಿತು.

ಓಡೀಲನಿಗೆ ಆಗಲೇ ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ. ಇದೇ ತನ್ನ ಕೊನೆಯ ದೊಡ್ಡ ಕೆಲಸವೆಂದು ಅವನಿಗೆ ಗೊತ್ತಿತ್ತು. ಅದನ್ನು ಒಪ್ಪಿಕೊಂಡ ಕಾರಣವನ್ನು ನನಗೊಬ್ಬನಿಗೇ ಹೇಳಿದ.

"ಸಭಾಮನೆಯ ಫೋಟೋಗಳನ್ನೆಲ್ಲ ತೆಗೆದು ನೋಡ್ದೆ ಲೀವನ್. ಅಷ್ಟು ವರ್ಷದ ಊಟ, ಒಂದರಲ್ಲೂ ಸಿಡೋನಿ ಇಲ್ಲ. ಒಳಗೆ ಚಿಪ್ಪು ತೊಳೀತಾ ಇರ್ತಾಳೆ, ಇಲ್ಲ ತಟ್ಟೆ ತೊಳೀತಾ ಇರ್ತಾಳೆ. ಇದರಲ್ಲಿ ಅವಳು ಇರ್ಬೇಕು. ಅವಳನ್ನ ಮೇಜಿಗೆ ಕೂರಿಸದೆ ನಾನು ಸಾಯಲ್ಲ."

ತಾಯಿ ಬೇಗ ಹೋದ ಮೇಲೆ ಅವನನ್ನು ಬೆಳೆಸಿದವಳು ಸಿಡೋನಿ. ಗಂಡ ತೀರಿಕೊಂಡ ಮೇಲೆ ಅವಳು ತಮ್ಮನ ಮನೆಗೇ ಬಂದಿದ್ದಳು. ಇಬ್ಬರೂ ದಿನವಿಡೀ ಕಿತ್ತಾಡುತ್ತಿದ್ದರು, ಒಬ್ಬರಿಲ್ಲದೆ ಇನ್ನೊಬ್ಬರು ಊಟ ಮಾಡುತ್ತಿರಲಿಲ್ಲ.

ಮನೆಯ ಹಿಂದಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಹಲಗೆ ನಿಲ್ಲಿಸಿ ಕೆಲಸ ಶುರು ಮಾಡಿದ. ಒಂದಿಡೀ ಚಳಿಗಾಲ ಯಾರನ್ನೂ ಒಳಗೆ ಬಿಡಲಿಲ್ಲ. ವಸಂತದಲ್ಲಿ ನಮ್ಮಿಬ್ಬರನ್ನೂ ಕರೆದ, ಸಿಡೋನಿಯನ್ನೂ ಕರೆದ, ಹೊದಿಸಿದ್ದ ಚಾದರ ತೆಗೆದ.

ನಿಜ ಹೇಳಬೇಕೆಂದರೆ ಹೆರ್ಲಿಂಡ, ನಾನು ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದೆವು. ಮೇಜು ನಮ್ಮ ಹೊಟ್ಟೆಯಿಂದಲೇ ಹೊರಟು ಹಿಂದಿನ ಗೋಡೆಯವರೆಗೆ ಓಡಿತ್ತು. ಎಲ್ಲರಿಗಿಂತ ಮುಂದೆ, ದೊಡ್ಡದಾಗಿ ಉರ್ಬೇನ್, ಕೈಯಲ್ಲಿ ಬಿಯರ್. ಎರಡೂ ಕಡೆ ಕೇರಿಯವರು, ಸಾಲಾಗಿ, ಚಿಕ್ಕದಾಗುತ್ತ ಚಿಕ್ಕದಾಗುತ್ತ. ಒಂದು ಗೆರೆ ತಪ್ಪಿರಲಿಲ್ಲ.

ಸಿಡೋನಿ ಕನ್ನಡಕ ಹಾಕಿಕೊಂಡಳು. ಹತ್ತಿರ ಹೋದಳು. ಕನ್ನಡಕ ಒರೆಸಿಕೊಂಡು ಇನ್ನೂ ಹತ್ತಿರ ಹೋದಳು.

"ನಾನೆಲ್ಲಿ?"

"ಅಲ್ಲೇ ಇದ್ದೀಯಲ್ಲ, ಅಡುಗೆಮನೆ ಬಾಗಿಲಲ್ಲಿ. ಮೊಳೆ ನಿನ್ನ ಎದೆ ಮೇಲೇ ಹೊಡೆದಿದ್ದೀನಿ! ಮೇಜು, ಬೆಂಚು, ಮಾಡು, ಎಲ್ಲ ಗೆರೆಗಳೂ ನಿನ್ನ ಹತ್ರಾನೇ ಬರ್ತವೆ. ನೋಡಿದವರ ಕಣ್ಣು ನಿನ್ನ ಮೇಲೇ ಹೋಗಿ ನಿಲ್ಲಬೇಕು."

"ನಾನು ಉರ್ಬೇನನ ಬಿಯರ್ ಲೋಟಕ್ಕಿಂತ ಚಿಕ್ಕವಳು."

"ದೂರ ಇದ್ದೀಯ ಸಿಡೋನಿ. ದೂರ ಇರೋದು ಚಿಕ್ಕದಾಗಿ ಕಾಣತ್ತೆ. ಆದ್ರೆ ಎಲ್ಲ ಗೆರೆಗಳೂ..."

"ಬರ್ಲಿ ಬಿಡು. ಎಲ್ಲರೂ ಯಾವಾಗ್ಲೂ ನನ್ನ ಹತ್ರಾನೇ ಬರೋದು, ಎಂಜಲು ತಟ್ಟೆ ಹಿಡ್ಕೊಂಡು."

ಅಷ್ಟು ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳಿಸಿತು. ಓಡೀಲ್ ಚಾದರವನ್ನು ಕೈಯಲ್ಲೇ ಹಿಡಿದು ನಿಂತಿದ್ದ. ಮೇಜಿಗೆ ಕೂರಿಸುತ್ತೇನೆ ಎಂದಿದ್ದವನು ಮೊಳೆಯ ಲೆಕ್ಕದಲ್ಲಿ ಅವಳನ್ನು ಬಾಗಿಲಲ್ಲಿ ನಿಲ್ಲಿಸಿ, ಹೊಸ ಒಲೆಗೆ ಮಾಡುವ ಮರ್ಯಾದೆಯನ್ನು ಅಕ್ಕನಿಗೆ ಮಾಡಿದ್ದ. ಅವನ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ.

ಆ ವಾರವೆಲ್ಲ ಸೂಪು ಹೊತ್ತಿಗೆ ಸರಿಯಾಗಿ ಮೇಜಿಗೆ ಬಂತಂತೆ, ಮಾತು ಬರಲಿಲ್ಲವಂತೆ. ಬಡಿಸುವವರು ನಮ್ಮವರಾದರೆ ಕೊನೆಯ ಸಾಲಿನಲ್ಲಿ ಕೂತರೂ ಚಿಂತೆಯಿಲ್ಲ ಎನ್ನುತ್ತಾರೆ. ಬಡಿಸುವವರನ್ನೇ ಕೊನೆಗೆ ನಿಲ್ಲಿಸಿದರೆ ಏನಾಗುತ್ತದೆಂದು ಓಡೀಲ್ ಆ ವಾರ ಉಂಡು ತಿಳಿದ.

ಶನಿವಾರ ಅವನು ಹಲಗೆಚಿತ್ರದ ಮುಂದೆ ಬೈಯಲಿಲ್ಲ. ಜೇಬಿನಿಂದ ದಾರ ತೆಗೆದು, ಒಂದು ತುದಿಯನ್ನು ನನಗೆ ಹಿಡಿಸಿ, ದೂರದಿಂದಲೇ ಚಿತ್ರದ ಗೆರೆಗಳ ನೇರಕ್ಕೆ ಹಿಡಿದು ನೋಡಿದ. ಬೆಂಚಿನ ಗೆರೆ ಒಂದು ಕಡೆ ಹೋಯಿತು, ಮಾಡಿನದು ಇನ್ನೊಂದು ಕಡೆ. ಮೇಜಿನದು ಎಲ್ಲಿಗೂ ಹೋಗಲಿಲ್ಲ. ಚರ್ಚಿನ ಕಾವಲಿನವನು ಬಂದು ಏನು ಮಾಡ್ತಿದ್ದೀರಿ ಎಂದು ಕೇಳಿದ. ಹೆರ್ಲಿಂಡ ಅವನಿಗೆ ಒಂದು ಬಿಸ್ಕತ್ತು ಕೊಟ್ಟು ಕಳಿಸಿದಳು.

"ತಟ್ಟೆಗಳನ್ನ ಮೇಲಿಂದ ನೋಡಿದ್ದಾನೆ," ಎಂದ ಓಡೀಲ್. "ಮುಖಗಳನ್ನ ಎದುರಿಂದ. ಆ ಕೊನೇಲಿ ಕೂತ ಮುದುಕನ್ನೂ ಎದುರಿಂದಾನೇ. ಅವನು ಈ ಕಡೆಯವನಷ್ಟೇ ದೊಡ್ಡವನು. ಒಂದು ಕಡೆ ನಿಂತು ನೋಡಿದ್ರೆ ಹೀಗೆ ಕಾಣಲ್ಲ."

"ಮತ್ತೆ ಹೇಗೆ ನೋಡಿದ್ದಾನೆ?" ಎಂದೆ.

"ಸುತ್ತು ಹೊಡೆದಿದ್ದಾನೆ. ಒಬ್ಬೊಬ್ಬರ ಮುಂದೂ ಬಗ್ಗಿ, ತಟ್ಟೇಲಿ ಏನಿದೆ, ಏನಿಲ್ಲ ಅಂತ ನೋಡಿ, ಮುಖ ನೋಡಿ, ಮುಂದಿನವರ ಹತ್ರ ಹೋಗಿದ್ದಾನೆ." ಅವನು ದಾರವನ್ನು ಬೆರಳಿಗೆ ಸುತ್ತಿಕೊಂಡ. "ಇದು ಕೂತು ತಿನ್ನೋರ ಕಣ್ಣಲ್ಲ ಕಣೋ. ಬಡಿಸೋರ ಕಣ್ಣು. ನಾನು ಸಿಡೋನಿಯನ್ನ ಉರ್ಬೇನನ ಕುರ್ಚೀಲಿ ಕೂತು ನೋಡ್ಬಿಟ್ಟೆ."

ಕಾಫಿ ಕುಡಿಯುವಾಗ ಅವನಿಗೆ ಬೇರೆ ಚಿಂತೆ ಹತ್ತಿತು. ಮೊಳೆ ಕಿತ್ತರೆ ಚಿತ್ರವನ್ನು ಹಿಡಿದಿಡುವವರು ಯಾರು? ಇಪ್ಪತ್ತು ಜನ ಇಪ್ಪತ್ತು ಚಿತ್ರಗಳಾಗಿ ಚೆದುರಿ ಹೋಗುತ್ತಾರಲ್ಲ?

ಹೆರ್ಲಿಂಡ ಕಪ್ಪು ಕೆಳಗಿಟ್ಟಳು. "ಏಳು. ಇನ್ನೊಂದ್ಸಲ ನೋಡೋಣ ಬಾ."

ವಾಪಸು ಹೋಗಿ ಅವಳು ಬೆರಳು ಮಾಡಿ ತೋರಿಸಿದಳು. ಇರುವುದು ಒಂದೇ ಕಿಟಕಿ. ಎಲ್ಲ ಮುಖಗಳಲ್ಲೂ ಕಿಟಕಿಯ ಕಡೆಯ ಕೆನ್ನೆಯ ಮೇಲೆ ಅದೇ ಬೆಳಕು. ಈ ಸಂತನ ತೋಳಿನ ಕೆಂಪು ಆಚೆಯವನ ದ್ರಾಕ್ಷಾರಸದಲ್ಲಿ, ಅಲ್ಲಿಂದ ದಿಂಬಿನ ಅಂಚಿನಲ್ಲಿ, ಅಲ್ಲಿಂದ ಕಿಟಕಿಯಾಚೆಯ ಹೆಂಚಿನಲ್ಲಿ.

"ಹಾಡೋರು ಒಬ್ಬರ ಮುಖ ಒಬ್ಬರು ನೋಡ್ಬೇಕಾಗಿಲ್ಲ ಓಡೀಲ್, ಒಂದೇ ಶ್ರುತಿ ಕೇಳಿಸ್ತಿದ್ರೆ ಸಾಕು. ಗೆರೆ ಕೂಡಿಸದೆ ಬಿಟ್ಟಿದ್ದನ್ನ ಇಲ್ಲಿ ಬೆಳಕು, ಬಣ್ಣ ಕೂಡಿಸಿವೆ."

"ಇದನ್ನ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಪ್ರತಿ ಶನಿವಾರ ಹೇಳಿದೀನಿ. ನೀನು ಮೊಟ್ಟೆ ಉರುಳಿಸ್ತಾ ಇದ್ದೆ."

ಅವನು ಮೊಳೆ ಕಿತ್ತ. ಒಂದಿಡೀ ಚಳಿಗಾಲದ ಕೆಲಸವನ್ನು ಕೆರೆದು ತೆಗೆದ. ಡಾಕ್ಟರು ಎದ್ದು ನಿಲ್ಲಬೇಡ ಎಂದಿದ್ದರು, ಕೂತು ಬರೆದ. ಕೇರಿಯವರನ್ನು ಒಬ್ಬೊಬ್ಬರಾಗಿ ಕರೆಸಿ, ಎದುರು ಕೂರಿಸಿ, ಮುಂದೆ ಸೂಪಿಟ್ಟು ನೋಡಿದ. ಆ ಸೂಪನ್ನು ಮಾಡುತ್ತಿದ್ದವಳು ಸಿಡೋನಿಯೇ, ಗೊಣಗುತ್ತ. ಮೇಜು ನಿಧಾನವಾಗಿ ನಮ್ಮ ಕಡೆಗೆ ವಾಲಿತು, ಎಲ್ಲರ ತಟ್ಟೆಯೂ ಕಾಣತೊಡಗಿತು. ಚಿತ್ರವನ್ನು ಕೂಡಿಸಲು ಅವನು ಆರಿಸಿಕೊಂಡದ್ದು ನೀಲಿ. ಚಿಪ್ಪುಮೀನಿನ ಚಿಪ್ಪನ್ನು ಬಿಚ್ಚಿದರೆ ಒಳಗೆ ಹೊಳೆಯುತ್ತದಲ್ಲ, ಆ ನೀಲಿ. ತಟ್ಟೆಗಳಲ್ಲಿ ಹರಡಿದ ಚಿಪ್ಪುಗಳಿಂದ ಅದು ಒಬ್ಬನ ಟೈಗೆ, ಒಬ್ಬಳ ಕಿವಿಯ ಹರಳಿಗೆ, ಉರ್ಬೇನನ ಮೂಗಿನ ಪಕ್ಕದ ನರಕ್ಕೆ ಹೋಗಿ, ಕೊನೆಗೆ ಸಿಡೋನಿಯ ಭುಜದ ಮೇಲಿನ ಚೌಕುಳಿ ಒರೆಸುವ ಬಟ್ಟೆಯಲ್ಲಿ ಬಂದು ಕೂತಿತು.

ಹೌದು, ಸಿಡೋನಿ ಮೇಜಿನಲ್ಲಿದ್ದಳು. ಅದೇ ಕೊನೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ಬೆನ್ನು ಹಾಕಿ. ಆದರೆ ಕೂತಿದ್ದಳು, ಉರ್ಬೇನನಷ್ಟೇ ದೊಡ್ಡದಾಗಿ, ಬಹುಶಃ ಒಂದು ಬೆರಳು ಹೆಚ್ಚಾಗಿಯೇ.

ಉರ್ಬೇನ್ ನೋಡಲು ಬಂದ. ತಲೆ ವಾಲಿಸಿ ನೋಡಿದ. "ಮೇಜು ಜಾರ್ತಾ ಇದೆಯಲ್ಲೋ. ನನ್ನ ಬಿಯರ್ ಚೆಲ್ಲತ್ತೆ."

"ಚೆಲ್ಲಿದೆಯಾ?"

"ಇನ್ನೂ ಇಲ್ಲ."

"ಮತ್ತೆ ಕುಡಿ, ಸುಮ್ನೆ."

ಸಿಡೋನಿ ಮಾತ್ರ ಹಟ ಹಿಡಿದು ಒಂದು ದಿನವೂ ಆ ಕಡೆ ಕಣ್ಣು ಹಾಯಿಸಿರಲಿಲ್ಲ. ಸೂಪಿನ ಬಟ್ಟಲು ಇಡಲು ಬಂದಾಗಲೂ ಗೋಡೆಯ ಕಡೆ ಮುಖ ಮಾಡಿಕೊಂಡೇ ಬರುತ್ತಿದ್ದಳು.

ಅವನು ತೀರಿಕೊಂಡ ಹಿಂದಿನ ದಿನ, ಬುಧವಾರ ಮಧ್ಯಾಹ್ನ, ನಾನು ಹೋದಾಗ ಓಡೀಲ್ ಕಿಟಕಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದ. ಎಲ್ಲ ಮುಗಿದಿತ್ತು, ಒಂದು ಚುಕ್ಕೆ ಬಿಟ್ಟು. ಮೊಳೆಯ ತೂತು. ಅದನ್ನು ಎರಡು ಸಲ ಸೀಮೆಸುಣ್ಣ, ಅಂಟು ಕಲಸಿ ಮುಚ್ಚಿದ್ದ, ಎರಡು ಸಲವೂ ಕುಳಿ ಬಿದ್ದಿತ್ತು. ಈಗ ಅದಿದ್ದದ್ದು ಸಿಡೋನಿಯ ಮುಂದಿನ ಮೇಜಿನ ಬಟ್ಟೆಯ ಮೇಲೆ. ಇನ್ನೊಮ್ಮೆ ಮುಚ್ಚಿ, ಒಳಗೆ ಕೂಗಿದ.

"ಸಿಡೋನಿ! ಒಂದು ಮೊಟ್ಟೆ ತಗೊಂಬಾ."

ಅವಳು ತಂದಳು, ಚಿಟಿಕೆ ಉಪ್ಪಿನ ಜೊತೆ. "ಬೇಯಿಸಿ ತಂದಿದ್ದೀನಿ. ನಿನ್ನ ಕೈಯಿಂದ ಬಿದ್ರೂ ನೆಲ ಒರೆಸೋ ಕೆಲಸ ನಂಗಿರಲ್ಲ."

ಅವನು ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನೋಡಿ ನೋಡಿ ಬರೆದ. ಕುಂಚ ಹಿಡಿದ ಅವನ ಮಣಿಕಟ್ಟಿಗೆ ನಾನು ಕೈ ಆಸರೆ ಕೊಟ್ಟೆ. ಬಿಳಿ, ಎಡಗಡೆ ಬೆಳಕು, ಕೆಳಗೆ ಚೂರು ನೀಲಿ. ಜಾರುವ ಮೇಜಿನ ಮೇಲೆ ಮೊಟ್ಟೆ ಕೂತಿತು.

ಸಿಡೋನಿಗೆ ತಡೆಯಲಾಗಲಿಲ್ಲ. ಏಪ್ರನ್ನಿನಲ್ಲಿ ಕೈ ಒರೆಸಿಕೊಳ್ಳುತ್ತ ತಿರುಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ನಾನಿಷ್ಟು ದಪ್ಪ ಇದ್ದೀನಾ?"

"ನೋಡಪ್ಪ ಇವಳ್ನ! ಚಿಕ್ಕದಾದ್ರೂ ಬೈಗುಳ, ದೊಡ್ಡದಾದ್ರೂ ಬೈಗುಳ."

"ಮೊಟ್ಟೆ ಉರುಳಲ್ವೇನೋ ಪುಟ್ಟ?"

"ನಿನ್ನ ಮುಂದೆ ಇದೆಯಲ್ಲ. ಹಿಡ್ಕೊ."

ಅವಳು ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು. ಓಡೀಲ್ ಕುಂಚ ಕೆಳಗಿಟ್ಟ. ಕಟ್ಟೆಯ ಮೇಲಿನ ಮೊಟ್ಟೆಯನ್ನು ತಟ್ಟಿ, ಸಿಪ್ಪೆ ಸುಲಿದು, ಬಣ್ಣ ಕೆರೆಯುವ ಚಾಕುವನ್ನು ಕಂಬಳಿಗೆ ಒರೆಸಿ, ಎರಡು ಮಾಡಿದ. ಸಮ ಆಗಲಿಲ್ಲ. ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ದೊಡ್ಡದನ್ನು ಅಕ್ಕನ ಕೈಗಿಟ್ಟು, ಚಿಕ್ಕದಕ್ಕೆ ಉಪ್ಪು ಉದುರಿಸಿಕೊಂಡು ತಿಂದ.