ಕೆರಿಯನ ಉಗುರೂ ನಮ್ಮ ಪಡಸಾಲೆಯ ಗೋಡೆಯೂ

ಸಿದ್ದಾಪುರದ ಗೌಂಡಿ ಕೆರಿಯ ಮೂವತ್ತಾರು ವರ್ಷದಲ್ಲಿ ಎಷ್ಟು ಗೋಡೆಗೆ ಗಿಲಾವು ಮಾಡಿದ್ದಾನೋ ಅವನಿಗೇ ನೆನಪಿಲ್ಲ. ಒಂದರಲ್ಲೂ ತಪ್ಪು ಒಪ್ಪಿಕೊಂಡವನಲ್ಲ. ಹೊಸ ಗಿಲಾವಿನ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡು ಮನೆಯವರು ಕರೆಸಿದರೆ, ಬಂದು ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು ಬಿರುಕಿನ ಎರಡೂ ತುದಿಗೆ ಗೆರೆ ಎಳೆದು ತಾರೀಕು ಬರೆಯುತ್ತಾನೆ. ಆಮೇಲೆ ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಅಡ್ಡ ಎಳೆಯುತ್ತಾನೆ. ಉಗುರು ಸಿಕ್ಕಿಕೊಳ್ಳದಿದ್ದರೆ, "ಇದು ಗೋಡೇದಲ್ಲ, ಬರೀ ಮೇಲಿನ ಚರ್ಮದ್ದು" ಎನ್ನುತ್ತಾನೆ. ಸಿಕ್ಕಿಕೊಂಡರೂ ಸಿಕ್ಕಿಕೊಳ್ಳದಿದ್ದರೂ ಕೊನೆಯ ಮಾತು ಒಂದೇ: "ನೀರು ಕಡಿಮೆ ಬಿದ್ದದೆ."

ಗಿಲಾವು ಮಾಡುವುದು ಗೌಂಡಿಯ ಕೆಲಸ, ಅದು ಗಟ್ಟಿಯಾಗುವವರೆಗೆ ನೀರುಣಿಸುವುದು ಮನೆಯವರ ಕೆಲಸ. ಹೀಗೆ ಹಂಚಿಕೊಟ್ಟವನು ಯಾರೋ ಗೌಂಡಿಯೇ ಇರಬೇಕು. ನೀರು ಸಾಕಷ್ಟು ಹಾಕಿದ್ದೆವು ಎಂದು ಸಾಬೀತು ಮಾಡಿದವರು ಸಿದ್ದಾಪುರ, ಶಿರಸಿ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಯಾರೂ ಇಲ್ಲ. ಸಾಕ್ಷಿ ಒಣಗಿಹೋಗಿರುತ್ತದೆ.

ಹೋದ ಫೆಬ್ರವರಿಯಲ್ಲಿ ಪೇಟೆಯ ಅಂಚಿನ ನಮ್ಮ ಹೊಸ ಮನೆಗೂ ಕೆರಿಯನೇ ಬಂದ. ನಾನು ಶಾಲಾ ಮಾಸ್ತರ. ಹೇಳಿದ್ದನ್ನು ಜನ ಕೇಳಬೇಕು ಎಂಬ ಚಾಳಿ ಅಂಟಿದೆ. ಕೆರಿಯನ ಗೋಡೆ ತುಸು ಒರಟು, ಸ್ಪಂಜಿನಲ್ಲಿ ಒರೆಸಿ ಬಿಟ್ಟುಬಿಡುತ್ತಾನೆ. ನಾನಾದರೋ ಯಲ್ಲಾಪುರದಲ್ಲಿ ಒಂದು ಮನೆ ನೋಡಿ ಬಂದಿದ್ದೆ. ಅಲ್ಲಿಯ ಗೋಡೆಯಲ್ಲಿ ನನ್ನ ಕನ್ನಡಕ ಕಾಣುತ್ತಿತ್ತು. ಹಸಿ ಗಿಲಾವಿನ ಮೇಲೆ ಒಣ ಸಿಮೆಂಟು ಉದುರಿಸಿ ಕರಣೆಯಲ್ಲಿ ಉಜ್ಜಿದರೆ ಹಾಗೆ ಹೊಳಪು ಬರುತ್ತದಂತೆ. ಪಡಸಾಲೆಗಾದರೂ ಹಾಗೆ ಮಾಡು ಎಂದೆ.

"ಅದು ಬೇಡ ಮಾಸ್ತರೇ, ಬಿರುಕು ಬಿಡ್ತದೆ," ಎಂದ ಕೆರಿಯ.

"ನಿನಗೆ ಬರೂದಿಲ್ಲ ಅನ್ನು."

ಕೆರಿಯ ಸಂಜೆಯವರೆಗೆ ಉಜ್ಜಿದ. ಗೋಡೆ ಹೊಳೆಯಿತು.

ನೀರು ಹಾಕುವ ಕೆಲಸ ಗೌರಕ್ಕನ ಪಾಲಿಗೆ ಬಂತು. ಗೌರಕ್ಕ ನನ್ನ ಒಡಹುಟ್ಟಿದ ಅಕ್ಕ, ಅರವತ್ತೆರಡು ವರ್ಷ. ಭಾವ ತೀರಿಕೊಂಡಾಗಿನಿಂದ ನಮ್ಮ ಜೊತೆಗೇ ಇದ್ದಾಳೆ. ನಲ್ಲಿಯಲ್ಲಿ ಒತ್ತಡವಿರಲಿಲ್ಲ. ಡ್ರಮ್ಮಿನಿಂದ ಕೊಡಕ್ಕೆ, ಕೊಡದಿಂದ ಚೊಂಬಿಗೆ, ಚೊಂಬಿನಿಂದ ಗೋಡೆಗೆ. ದಿನಕ್ಕೆ ಮೂರು ಸಲ, ಹದಿನಾಲ್ಕು ದಿನ.

ಹದಿನಾರನೆಯ ದಿನ ಪಡಸಾಲೆಯ ಗೋಡೆಯ ತುಂಬ ಸಣ್ಣ ಸಣ್ಣ ಬಿರುಕು. ಗೃಹಪ್ರವೇಶಕ್ಕೆ ಒಂಬತ್ತೇ ದಿನವಿತ್ತು. ನಾನು ಅಕ್ಕನ ಮೇಲೆ ಹರಿಹಾಯ್ದೆ. "ನೀರು ಹಾಕಿದ್ದಿಲ್ಲೆ ನೀನು. ಕೂತು ಉಂಬದು ಬಿಟ್ರೆ ನಿನ್ನ ಕೈಲಿ ಎಂತೂ ಆಗ್ತಿಲ್ಲೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ನಾನೇ ಬರೆಸುತ್ತೇನೆ.

"ಆನು ಒಂದಿನವೂ ತಪ್ಪಿಸಿದ್ನಿಲ್ಲೆ ತಮ್ಮಾ," ಎಂದಳು ಅಕ್ಕ. ಮರುದಿನ ಬೆಳಿಗ್ಗೆ ಕೈಚೀಲಕ್ಕೆ ಸೀರೆ ತುಂಬಿಕೊಂಡು ಹೊರಟು ನಿಂತಳು. ಯಲ್ಲಾಪುರದಾಚೆ ವಜ್ರಳ್ಳಿಯ ನಾದಿನಿಯ ಮನೆಗಂತೆ, ಇನ್ನು ತಿರುಗಿ ಬರುವುದಿಲ್ಲವಂತೆ. ಆದರೆ ಅದಕ್ಕೂ ಮೊದಲು ಹೊಸ ಮನೆಗೆ ಹೋಗಿ, ಕೆರಿಯ ಬಂದು ಗೋಡೆ ನೋಡಬೇಕು ಎಂದು ಹಟ ಹಿಡಿದಳು. "ಅವ ಹೇಳ್ಲಿ. ಆಮೇಲೆ ಹೋಗ್ತೆ."

ಅವನು ಏನು ಹೇಳುತ್ತಾನೆಂದು ಊರಿಗೇ ಗೊತ್ತಿತ್ತು.

ಕೆರಿಯ ಬಂದ. ಗೆರೆ ಎಳೆದ, ತಾರೀಕು ಬರೆದ, ಉಗುರು ಎಳೆದ. ಸಿಕ್ಕಿಕೊಳ್ಳಲಿಲ್ಲ. ಆಮೇಲೆ ಬಗ್ಗಿ ಗೋಡೆಯ ಬುಡ ನೋಡಿದ. ಪಡಸಾಲೆಗೆ ಇನ್ನೂ ನೆಲ ಹಾಕಿರಲಿಲ್ಲ. ಬುಡದ ಮಣ್ಣು ಉದ್ದಕ್ಕೂ ಪಾಚಿಗಟ್ಟಿತ್ತು, ಮೂಲೆಯಲ್ಲಿ ಯಾವುದೋ ಸಸಿ ನಾಲ್ಕೆಲೆ ಬಿಟ್ಟಿತ್ತು. ಕೆರಿಯ ಎದ್ದು ಅಕ್ಕನ ಕೈಚೀಲ ನೋಡಿದ. ಒಳಕೋಣೆಯಲ್ಲಿ ಟೈಲ್ಸ್ ಕೂರಿಸುತ್ತಿದ್ದ ಇಬ್ಬರು ಸುತ್ತಿಗೆ ನಿಲ್ಲಿಸಿ ಕಿವಿಗೊಟ್ಟರು. ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಶಿರಸಿ ಮುಟ್ಟುತ್ತದೆ. ಅದು ಅವನಿಗೂ ಗೊತ್ತಿತ್ತು.

"ನೀರು ಭರ್ತಿ ಬಿದ್ದದೆ ಮಾಸ್ತರೇ. ತಪ್ಪು ನಂದು. ಒಣ ಸಿಮೆಂಟು ಹಾಕಿ ಉಜ್ಜಿದ್ದು ನಾನು."

ಉಜ್ಜಿಸಿದ್ದು ಯಾರು ಎಂದು ಅವನು ಹೇಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ನೋಡಿದ್ದರೆ ಅದಕ್ಕೇ ಸಿಟ್ಟು ಮಾಡಿಕೊಂಡು ಬಚಾವಾಗುತ್ತಿದ್ದೆ. ನಾಚಿಕೆಯಾಯಿತು.

"ಅಕ್ಕಾ, ಉಜ್ಜು ಹೇಳಿದವ ಆನು," ಎಂದೆ. "ಅವ ಬೇಡ ಹೇಳಿದ್ದ."

ಅಕ್ಕ ಕೆರಿಯನನ್ನು ಕೇಳಿದಳು: "ಇದಕ್ಕೆ ಈಗ ಎಂತ ಮಾಡವು?"

"ಹೊಳಪು ಕೆರೆದು ತೆಗೆದು ತೆಳ್ಳಗೆ ಇನ್ನೊಂದು ಕೈ ಹೊಡೀತೇನೆ ಅಮ್ಮ. ಮೂರು ದಿನ ನೀರು ಹಾಕಿದ್ರೆ ಸಾಕು."

"ಯಾರು ಹಾಕ್ತ?"

ಈಗ ಇಬ್ಬರೂ ನನ್ನನ್ನು ನೋಡಿದರು. ಯಲ್ಲಾಪುರದ ಬಸ್ಸು ಆ ದಿನ ಅಕ್ಕನಿಲ್ಲದೆ ಹೋಯಿತು.

ಕೆರಿಯನಿಗೆ ಕೆಲಸವೇನೂ ಕಡಿಮೆಯಾಗಿಲ್ಲ. ಆದರೆ "ನೀರು ಕಡಿಮೆ ಬಿದ್ದದೆ" ಎಂದ ಕೂಡಲೇ ಜನ, "ಬುಡ ನೋಡಿ ಹೇಳು ಮಾರಾಯ" ಎನ್ನುತ್ತಾರಂತೆ. ಅವನು ಬಗ್ಗಿ ನೋಡುತ್ತಾನಂತೆ.

ನಾನು ನೀರು ಹಾಕಿದೆ. ಮೊದಲ ದಿನವೇ ಸೊಂಟ ಹಿಡಿಯಿತು. ಪಡಸಾಲೆಯೊಂದಕ್ಕೇ ಒಂದು ಸಲಕ್ಕೆ ಆರು ಕೊಡ ಬೇಕು. ಅಕ್ಕ ಹಾಕಿದ್ದು ಇಡೀ ಮನೆಗೆ. ಮೂರನೆಯ ದಿನ ಸಂಜೆ ಅವಳು ಬಂದು ಗೋಡೆಗೆ ಅಂಗೈಯಿಟ್ಟು ನೋಡಿ, "ಬಾಗಿಲ ಮೇಲೆ ಒಣಗಿದ್ದು ತಮ್ಮಾ," ಎಂದಳು. ಅಲ್ಲಿಗೆ ನನ್ನ ಕೈ ಎಟುಕುತ್ತಿರಲಿಲ್ಲ. ಸ್ಟೂಲು ತಂದು ಚೊಂಬು ಹಿಡಿದು ಹತ್ತಿದೆ. ಸ್ಟೂಲು ಅಲುಗಾಡಿತು. ಅಕ್ಕ ಬಂದು ಎರಡೂ ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಹದಿನಾಲ್ಕು ದಿನ ಅವಳು ಹತ್ತಿದಾಗ ಅದನ್ನು ಹಿಡಿದವರು ಯಾರೂ ಇರಲಿಲ್ಲ.